ಒಂದೇ ದೋಣಿಯಲ್ಲಿ ಇಬ್ಬರು ‘ರೀ’

ಮಾರಿಷಸ್‌ಗೆ ಹೋಗಿಬಂದವರು ಸಾಮಾನ್ಯವಾಗಿ ಸಮುದ್ರದ ಬಣ್ಣದಿಂದ ಕಥೆ ಶುರುಮಾಡುತ್ತಾರೆ. ನಾನೂ ಹಾಗೇ ಶುರುಮಾಡಬೇಕೆಂದು ನಾಲ್ಕು ಸಲ ಬರೆಯಲು ಕೂತೆ. ಪ್ರತಿ ಸಲವೂ ಆ ನೀಲಿಯ ಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕೆ ಬಂದು ಕೂರುತ್ತದೆ. ಅದು ನನ್ನ ಗಂಡ ಬಾಯಲ್ಲಿ ಕಚ್ಚಿಕೊಂಡಿದ್ದ ಉಸಿರುಕೊಳವೆಯ ತುದಿ. ಮುಖವೆಲ್ಲ ನೀರಿನೊಳಗೆ, ಆ ತುದಿಯೊಂದೇ ಹೊರಗೆ. ಅದು ದೋಣಿಯಿಂದ ದೂರ ಹೋಗುತ್ತಿದೆ, ಇನ್ನೂ ದೂರ ಹೋಗುತ್ತಿದೆ.

ಊರಿಗೆ ಬಂದು ತಿಂಗಳ ಮೇಲಾಯಿತು. ಆದರೂ ಗಾಂಧಿ ಬಜಾರಿನಲ್ಲಿ ಕನಕಾಂಬರದ ರಾಶಿ ಕಂಡರೆ ನನ್ನ ಕಾಲು ನಿಂತುಬಿಡುತ್ತದೆ. ಹೂವಿನವಳು "ಎಷ್ಟು ಮೊಳ ಹಾಕ್ಲಿ ಅಕ್ಕಾ?" ಅನ್ನುತ್ತಾಳೆ. ನಾನು ಅಲ್ಲಿರುವುದಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅವರು ಚೆನ್ನಾಗಿದ್ದಾರೆ. ಇದನ್ನು ಬರೆಯುತ್ತಿರುವಾಗ ಹಾಲ್‌ನಲ್ಲಿ ಕೂತು, ಬಂದವರಿಗೆಲ್ಲ ಫೋಟೋ ಆಲ್ಬಮ್ ತೋರಿಸುತ್ತ, ಎರಡನೇ ಸಲ ಕಾಫಿ ಕೇಳುತ್ತಿದ್ದಾರೆ. ನಾವು ಗೆದ್ದು ಬಂದಿದ್ದೇವೆ. ಹೇಗೆ ಗೆದ್ದೆವು ಎಂಬುದಷ್ಟೇ ಕಥೆ.

ಬಸವನಗುಡಿ, ಹೊರಡುವ ಮುನ್ನ

ನಮ್ಮ ಮದುವೆಯಾಗಿ ಹನ್ನೆರಡು ವರ್ಷ. ನಾನು ಮಲ್ಲೇಶ್ವರಂನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಅವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಮನೆಯಲ್ಲಿ ಅತ್ತೆ ಮತ್ತು ಹತ್ತು ವರ್ಷದ ಮಗಳು. ಇಷ್ಟು ವರ್ಷದಲ್ಲಿ ನಾವಿಬ್ಬರೇ ಎಂದು ಎಲ್ಲಿಗೂ ಹೋದವರಲ್ಲ. ಮದುವೆಯ ಹೊಸದರಲ್ಲಿ ನಂದಿಬೆಟ್ಟಕ್ಕೆ ಹೋಗಿದ್ದೆವು, ಒಂದು ಮೆಟಡಾರ್ ವ್ಯಾನಿನಲ್ಲಿ, ಹನ್ನೊಂದು ಜನ. ಪುಳಿಯೋಗರೆ ಡಬ್ಬಿಗಳ ಆ ಕಡೆ ಅವರು, ಈ ಕಡೆ ನಾನು. ಬೆಟ್ಟದ ಅಂಚಿನಲ್ಲಿ ನಿಂತಾಗ ಒಂದು ಮೋಡ ನಮ್ಮ ಕಾಲಿಗಿಂತ ಕೆಳಗೆ, ಒಗೆದ ಪಂಚೆ ಹರಡಿದ ಹಾಗೆ, ಮೆಲ್ಲಗೆ ಸಾಗುತ್ತಿತ್ತು. ಅವರಿಗೆ ತೋರಿಸೋಣವೆಂದು "ರೀ" ಎಂದೆ. ಆಗ ಇನ್ನೂ ಇದ್ದ ಮಾವನವರು ತಿರುಗಿದರು. ಮಾವನವರ ತಮ್ಮ ತಿರುಗಿದರು. ವ್ಯಾನಿನ ಡ್ರೈವರ್ ಕೂಡ ತಿರುಗಿ "ಏನಮ್ಮಾ?" ಎಂದ. ನನ್ನವರು ಮಾತ್ರ ಬೆನ್ನು ಮಾಡಿ ಕಡಲೆಕಾಯಿ ಸುಲಿಯುತ್ತಿದ್ದರು. ಅವರು ಬರುವಷ್ಟರಲ್ಲಿ ಮೋಡ ಹೋಗಿತ್ತು.

ಹೆಸರು ಹಿಡಿದು ಕರೆಯಬಹುದಿತ್ತಲ್ಲ ಎಂದು ನನ್ನ ವಿದ್ಯಾರ್ಥಿನಿಯರು ಕೇಳಿಯಾರು. ಅವರ ಹೆಸರು ಶ್ರೀನಿವಾಸ, ಮನೆಯಲ್ಲಿ ವಾಸು. ಮದುವೆಯಾದ ಮೊದಲ ವಾರ ನಾನು ಅಡುಗೆಮನೆಯಿಂದ "ವಾಸು, ಕಾಫಿ" ಎಂದು ಒಮ್ಮೆ ಕರೆದದ್ದೂ ಉಂಟು. ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ಹಾಗೆ ಕರೀಬೇಡ ಕಣೇ. ಹೆಸರು ಹಿಡಿದು ಕರೆದ್ರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ" ಎಂದರು. ಬೈಯಲಿಲ್ಲ, ನಿಜವಾಗಿ ಹೆದರಿದ್ದರು. ಮೈಕ್ರೋಸ್ಕೋಪ್ ಹಿಡಿದು ಪಾಠ ಮಾಡುವ ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಇನ್ನೊಬ್ಬರ ಆಯಸ್ಸಿನ ಮೇಲೆ ಪ್ರಯೋಗ ಯಾಕೆ ಅನ್ನಿಸಿತು. ಬಿಟ್ಟೆ. ಹನ್ನೆರಡು ವರ್ಷ ‘ರೀ’ ಎಂಬ ಒಂದೇ ಅಕ್ಷರದಲ್ಲಿ ಸಂಸಾರ ನಡೆಯಿತು. ಕೋಪಕ್ಕೆ ಸ್ವಲ್ಪ ಗಿಡ್ಡ, ಪ್ರೀತಿಗೆ ಸ್ವಲ್ಪ ಉದ್ದ, ಅಷ್ಟೇ ವ್ಯತ್ಯಾಸ.

ಮಾರಿಷಸ್ಸಿನ ಹುಚ್ಚು ಅವರಿಗೆ ಹಿಡಿದದ್ದು ಕಚೇರಿಗೆ ಬಂದ ಒಂದು ಕ್ಯಾಲೆಂಡರಿನಿಂದ. ಹವಳ, ಮೀನು, ತಿಳಿನೀರು. ಅದನ್ನು ನೋಡಬೇಕಾದರೆ ಈಜು ಬರಬೇಕೆಂದು ನಲವತ್ತರ ವಯಸ್ಸಿನಲ್ಲಿ ನಮ್ಮ ಬಡಾವಣೆಯ ಈಜುಕೊಳಕ್ಕೆ ಸೇರಿದರು. ಆರು ವಾರ, ಬೆಳಿಗ್ಗೆ ಆರಕ್ಕೆ, ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು ಕಲಿತರು. ಕಲಿಸುವವರು ಹೇಳಿದ್ದನ್ನು ತಿಂಡಿಯ ಹೊತ್ತಿಗೆ ಮನೆಯವರಿಗೆಲ್ಲ ಒಪ್ಪಿಸುತ್ತಿದ್ದರು.

"ತಲೆ ಎತ್ತಲೇಬಾರದಂತೆ ನಳಿನಿ. ತಲೆ ಎತ್ತಿದ್ರೆ ಕಾಲು ಮುಳುಗುತ್ತಂತೆ. ಅದೇ ಗುಟ್ಟು."

ಹೊರಡುವ ದಿನ ಅತ್ತೆ ಬಾಗಿಲವರೆಗೆ ಬಂದು, "ವಾಸು, ಸಮುದ್ರದ ಹತ್ರ ಹುಷಾರು ಕಣೋ" ಎಂದರು. ನನ್ನ ಕಡೆ ತಿರುಗಿ, "ಇವನ ಮೇಲೆ ಒಂದು ಕಣ್ಣಿಟ್ಟಿರೇ" ಎಂದರು.

"ಎರಡೂ ಇಟ್ಟಿರ್ತೀನಮ್ಮ" ಎಂದೆ. ಆ ಮಾತನ್ನು ಎಷ್ಟು ಹಗುರವಾಗಿ ಆಡಿದ್ದೆ!

ಪೋರ್ಟ್ ಲೂಯಿಸ್

ಮುಂಬೈ ವಿಮಾನ ನಿಲ್ದಾಣದ ಸಾಲಿನಲ್ಲಿ ನನ್ನ ಹಿಂದಿನಿಂದ ಒಂದು ಹೆಣ್ಣು ದನಿ "ರೀ, ಪಾಸ್‌ಪೋರ್ಟ್ ಎಲ್ಲಿಟ್ರಿ?" ಎಂದಿತು. ನನ್ನವರು ಗಾಬರಿಯಿಂದ ಜೇಬು ತಡಕಿಕೊಂಡರು. ಹಾಗೆ ಪರಿಚಯವಾದವರು ಶಿವಣ್ಣ ಮತ್ತು ಪದ್ಮಾ. ಮನೆ ಚಾಮರಾಜಪೇಟೆ. ಶಿವಣ್ಣನವರಿಗೆ ಅವೆನ್ಯೂ ರಸ್ತೆಯಲ್ಲಿ ನೋಟ್‌ಬುಕ್ಕುಗಳ ಸಗಟು ಅಂಗಡಿ. ಮಾಗಡಿ ಕಡೆಯ ಹಳ್ಳಿಯಿಂದ ಹದಿನೇಳರ ವಯಸ್ಸಿಗೆ ಬಂದು, ಮೊದಲು ಅಕ್ಕಿಪೇಟೆಯಲ್ಲಿ ಮೂಟೆ ಹೊತ್ತು, ಆಮೇಲೆ ಅಂಗಡಿ ಕಟ್ಟಿದ ಮನುಷ್ಯ. ಎದೆ ಬಾಗಿಲಿನಷ್ಟು ಅಗಲ. ಅವರೂ ನಾವೂ ಹೊರಟಿದ್ದು ಒಂದೇ ಅತಿಥಿಗೃಹಕ್ಕೆ ಎಂದು ತಿಳಿದಾಗ, "ಆಯ್ತಲ್ಲ ಸಾರ್! ನಾಲ್ಕು ಜನ ಆದ್ವಿ. ಇನ್ನು ಕನ್ನಡಕ್ಕೇನು ಕೊರತೆ" ಎಂದು ನನ್ನವರ ಬೆನ್ನು ತಟ್ಟಿದರು. ಇವರು ಒಂದು ಹೆಜ್ಜೆ ಮುಂದೆ ಹೋದರು.

ಪೋರ್ಟ್ ಲೂಯಿಸ್ ರಾಜಧಾನಿ. ಅಲ್ಲಿನ ಮಾರುಕಟ್ಟೆಯ ಪಕ್ಕದ ಓಣಿಗಳಲ್ಲಿ ನಡೆದರೆ ನಮ್ಮ ಅವೆನ್ಯೂ ರಸ್ತೆಯನ್ನೇ ತೊಳೆದು ಒಣಗಿಸಿ ಇಟ್ಟಂತೆ ಕಾಣುತ್ತದೆ. ಅದೇ ಇಕ್ಕಟ್ಟು, ಅದೇ ಬಟ್ಟೆ ಪಾತ್ರೆಗಳ ರಾಶಿ. ಆದರೆ ಯಾರೂ ಯಾರನ್ನೂ ತಳ್ಳುವುದಿಲ್ಲ. ಶಿವಣ್ಣನವರಿಗೆ ಇದು ಹಿಡಿಸಲಿಲ್ಲ. "ವ್ಯಾಪಾರ ಅಂದ್ರೆ ಸ್ವಲ್ಪ ಗಲಾಟೆ ಇರ್ಬೇಕು ಸಾರ್. ಇದೇನು, ಲೈಬ್ರರಿ ಥರ."

ಬೀದಿ ಬದಿಯಲ್ಲಿ ಒಬ್ಬಾತ ಸೈಕಲ್ಲಿನ ಹಿಂದೆ ಗಾಜಿನ ಪೆಟ್ಟಿಗೆ ಕಟ್ಟಿಕೊಂಡು ದಾಲ್‌ಪುರಿ ಮಾರುತ್ತಿದ್ದ. ತೆಳ್ಳಗೆ, ಹಳದಿಯಾಗಿ, ಒಳಗೆ ಬೇಳೆ ಪುಡಿ. ಪದ್ಮಾ ಒಂದು ತುತ್ತು ತಿಂದು ತೀರ್ಪು ಕೊಟ್ಟರು: "ಬೆಲ್ಲ ಹಾಕೋದು ಮರೆತ ಹೋಳಿಗೆ ಕಣ್ರೀ ಇದು." ಒಂದು ಕೊಡಪ್ಪ ಎಂದರೆ ಆತ ಕೊಡಲಿಲ್ಲ. ಅಲ್ಲಿ ದಾಲ್‌ಪುರಿ ಕೊಡುವುದೇ ಜೋಡಿಯಾಗಿ, ಒಂದರ ಮೇಲೊಂದು ಇಟ್ಟು ಮಡಿಸಿ. ಒಂಟಿ ಪುರಿ ಎಂಬುದನ್ನು ಅವನು ಕೇಳಿಯೇ ಇರಲಿಲ್ಲ. ನನ್ನವರಿಗೆ ಈ ಪದ್ಧತಿ ಬಹಳ ಇಷ್ಟವಾಯಿತು. "ನೋಡು, ಊಟ ಕೂಡ ದಂಪತಿ ಸಮೇತ" ಎಂದು ಅರ್ಧ ನನಗೆ ಕೊಟ್ಟರು. ಹನ್ನೆರಡು ವರ್ಷದಲ್ಲಿ ರಸ್ತೆಯಲ್ಲಿ ನಿಂತು ಒಂದೇ ಕಾಗದದಿಂದ ಇಬ್ಬರೂ ತಿಂದದ್ದು ಅದೇ ಮೊದಲು. ಬಸವನಗುಡಿಯಲ್ಲಾಗಿದ್ದರೆ ಯಾರಾದರೂ ಅತ್ತೆಗೆ ಫೋನ್ ಮಾಡಿರುತ್ತಿದ್ದರು.

ಕಬ್ಬಿನ ನಡುವಿನ ದಾರಿ

ಆ ದೇಶದಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಬ್ಬಿನ ನಡುವೆ ಅಲ್ಲಲ್ಲಿ ಕರಿಕಲ್ಲುಗಳ ದೊಡ್ಡ ದೊಡ್ಡ ಗುಡ್ಡೆ. ನೂರೈವತ್ತು ವರ್ಷಗಳ ಹಿಂದೆ ಹಡಗಿನಲ್ಲಿ ಬಂದ ನಮ್ಮ ಕಡೆಯ ಕೂಲಿಗಳು ನೆಲದಿಂದ ಕೈಯಾರೆ ಕಿತ್ತು ಪೇರಿಸಿದ ಕಲ್ಲುಗಳಂತೆ ಅವು. ಶಿವಣ್ಣ ನಮ್ಮ ಬಾಡಿಗೆ ವ್ಯಾನ್ ನಿಲ್ಲಿಸಲು ಹೇಳಿ, ಇಳಿದುಹೋಗಿ, ಒಂದು ಗುಡ್ಡೆಯನ್ನು ಸುಮ್ಮನೆ ಮುಟ್ಟಿಬಂದರು.

ಆ ವ್ಯಾನಿನಲ್ಲೇ ‘ರೀ’ ವಿಷಯ ಇತ್ಯರ್ಥವಾಯಿತು. ಮೂರು ದಿನದಿಂದ ಇದೇ ಪಾಡು. ನಾನು "ರೀ" ಎಂದರೆ ಶಿವಣ್ಣ "ಹೇಳಿ ಮೇಡಮ್" ಅನ್ನುವರು. ಪದ್ಮಾ "ರೀ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ರೀ" ಎಂದರೆ ನನ್ನವರು ಎದ್ದು ನಿಂತು, ಆಮೇಲೆ ನಾಚಿ ಕೂರುವರು. ಅಂದು ಬೆಳಿಗ್ಗೆಯಂತೂ ಪದ್ಮಾ ಕರೆದದ್ದಕ್ಕೆ ಇವರು ಸ್ನಾನದ ಮಧ್ಯದಿಂದ "ಬಂದೇ" ಎಂದು ಕೂಗಿದ್ದು ಅತಿಥಿಗೃಹಕ್ಕೆಲ್ಲ ಕೇಳಿತ್ತು.

"ಇದಕ್ಕೊಂದು ವ್ಯವಸ್ಥೆ ಮಾಡ್ಬೇಕು ಸಾರ್" ಎಂದರು ಶಿವಣ್ಣ. "ಇಲ್ದಿದ್ರೆ ಬೆಂಗ್ಳೂರಿಗೆ ವಾಪಸ್ ಹೋಗೋವಾಗ ಯಾರು ಯಾರ ಮನೆಗೆ ಹೋಗ್ತೀವೋ ಗೊತ್ತಾಗಲ್ಲ."

"ಥೂ, ನಿಮ್ಮ ಬಾಯಿಗೆ!" ಎಂದರು ಪದ್ಮಾ.

ನನ್ನವರು ಕೈಯೆತ್ತಿದರು. "ತೀರ್ಮಾನ ಮಾಡಿದೀನಿ. ಇವತ್ತಿಂದ ‘ರೀ’ ಅಂದ್ರೆ ಅದು ಶಿವಣ್ಣನವರು. ನಾನು ತಿರುಗೋದೇ ಇಲ್ಲ. ನನ್ನನ್ನ ಕರೀಬೇಕು ಅಂದ್ರೆ ನಳಿನಿ ಹೆಸರು ಹಿಡಿದು ಕರೀಲಿ."

"ಕರೀರಿ ಮೇಡಮ್, ಇಲ್ಲಿ ಯಾರು ಕೇಳ್ತಾರೆ!"

ಎಲ್ಲರೂ ನನ್ನನ್ನೇ ನೋಡಿದರು. ನಾನು ಬಾಯಿ ತೆರೆದೆ. ಸಾವಿರಾರು ಮೈಲಿಯಾಚೆ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟ ಸದ್ದು ಕೇಳಿಸಿತು. "ಆಗಲ್ಲ ಹೋಗ್ರೀ" ಎಂದೆ. ಶಿವಣ್ಣ ತಕ್ಷಣ, "ಎಲ್ಲಿಗೆ ಹೋಗ್ಲಿ ಮೇಡಮ್?" ಎಂದರು. ವ್ಯಾನೆಲ್ಲ ನಗು. ನಾನೂ ನಕ್ಕೆ. ಆ ಮಾತು ತಮಾಷೆಯಾಗಿಯೇ ಮುಗಿಯಿತು ಎಂದುಕೊಂಡೆ.

ಜಿಂಕೆಯಿಲ್ಲದ ದ್ವೀಪ

ಪೂರ್ವ ತೀರದಲ್ಲಿ ಒಂದು ಚಿಕ್ಕ ದ್ವೀಪವಿದೆ. ಅದರ ಫ್ರೆಂಚ್ ಹೆಸರಿಗೆ ಜಿಂಕೆಗಳ ದ್ವೀಪ ಎಂದರ್ಥ. ಜಿಂಕೆ ಒಂದೂ ಇಲ್ಲ. ನಮ್ಮ ಕಾಟನ್‌ಪೇಟೆಯಲ್ಲಿ ಹತ್ತಿ ಹುಡುಕುವವರಿಗೆ ಇದೇನೂ ಆಶ್ಚರ್ಯವಲ್ಲ. ಆ ದ್ವೀಪಕ್ಕೂ, ಅದರಾಚೆ ಹವಳ ನೋಡುವ ಜಾಗಕ್ಕೂ ನಮ್ಮನ್ನು ಕರೆದೊಯ್ದವನು ಅಪ್ಪಾದು ಎಂಬ ದೋಣಿಯವ. ಐವತ್ತರ ಆಸುಪಾಸಿನ, ಬಿಸಿಲಿಗೆ ಕರ್ರಗಾದ ಮನುಷ್ಯ. ಮಾತೆಲ್ಲ ಅಲ್ಲಿನ ಕ್ರಿಯೋಲ್ ಭಾಷೆಯಲ್ಲಿ, ನಮಗಾಗಿ ಒಂದಿಷ್ಟು ಇಂಗ್ಲಿಷ್. ಎಲ್ಲ ಸರಿಯಿದೆ ಎನ್ನಲು ಅವರು "ಕೊರೆಕ್" ಅನ್ನುತ್ತಾರೆ. ನಮ್ಮ ಆಟೋದವರ "ಕರೆಕ್ಟ್" ಅಲ್ಲಿಗೂ ಹೋಗಿದೆಯಲ್ಲ ಎಂದು ಶಿವಣ್ಣ ಮಾತುಮಾತಿಗೂ "ಕೊರೆಕ್, ಕೊರೆಕ್" ಎನ್ನತೊಡಗಿದರು. ಅಪ್ಪಾದುವಿನ ಮುತ್ತಜ್ಜ ಆಂಧ್ರದಿಂದ ಬಂದವನು. ಮನೆಯಲ್ಲಿ ತೆಲುಗು ಉಳಿದಿದೆಯೇ ಎಂದು ಕೇಳಿದೆ. ಅವನು ತಲೆಯಾಡಿಸಿ, ಭಾಷೆ ಹೋಯಿತು, ಹೆಸರು ಮಾತ್ರ ಉಳಿಯಿತು ಎಂದ.

ನೀರು ಹೇಗಿತ್ತೆಂದರೆ, ದೋಣಿಯ ನೆರಳು ತಳದ ಮರಳಿನ ಮೇಲೆ ಕಾಣುತ್ತಿತ್ತು. ದ್ವೀಪದ ಸುತ್ತ ಹವಳದ ಒಂದು ಗೋಡೆಯಿದೆ. ಅದಕ್ಕೆ ರೀಫ್ ಎನ್ನುತ್ತಾರೆ. ಗೋಡೆಯ ಒಳಗೆ ನೀರು ಕೆರೆಯಂತೆ ಸುಮ್ಮನಿರುತ್ತದೆ. ಅಲೆಗಳೆಲ್ಲ ದೂರದಲ್ಲಿ, ಗೋಡೆಯಾಚೆ, ಬಿಳಿ ಗೆರೆಯಾಗಿ ಒಡೆಯುತ್ತವೆ. ಆದರೆ ಗೋಡೆಯಲ್ಲಿ ಅಲ್ಲಲ್ಲಿ ಬಾಯಿಗಳಿವೆ. ಸಮುದ್ರ ಇಳಿಯುವ ಹೊತ್ತಿನಲ್ಲಿ ಒಳಗಿನ ನೀರು ಆ ಬಾಯಿಗಳ ಮೂಲಕ ಹೊರಗೆ ಓಡುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಅಪ್ಪಾದು ಲಂಗರು ಹಾಕಿ ಸ್ಪಷ್ಟವಾಗಿ ಹೇಳಿದ. ದೋಣಿಯ ಈ ಕಡೆ ಮಾತ್ರ. ಆ ಕಡೆ ಬಾಯಿ ಇದೆ, ಹೋಗಬಾರದು. ತೇಲುವ ಅಂಗಿ ಹಾಕಿಕೊಳ್ಳಿ. ಶಿವಣ್ಣ ಹಾಕಿಕೊಂಡರು. ನನ್ನವರು ಬೇಡವೆಂದರು. "ಆರು ವಾರ ಕಲಿತಿದೀನಪ್ಪ" ಎಂದು ಕನ್ನಡದಲ್ಲೇ ಅವನಿಗೆ ಹೇಳಿ, ಕನ್ನಡಕ ಬಿಗಿದು, ಕಿತ್ತಳೆ ಕೊಳವೆ ಕಚ್ಚಿ ಇಳಿದೇಬಿಟ್ಟರು. ಇದರಲ್ಲಿ ದೋಣಿಯವನ ತಪ್ಪು ಎಳ್ಳಷ್ಟೂ ಇಲ್ಲ.

ಶಿವಣ್ಣ ಇಳಿದವರು ಐದು ನಿಮಿಷ ಏಣಿ ಬಿಡಲಿಲ್ಲ. ಉಪ್ಪುನೀರು ಮೂಗಿಗೆ ಹೋಗಿ, ಕೆಮ್ಮುತ್ತ ಮೇಲೆ ಹತ್ತಿ, ಟವೆಲ್ ಸುತ್ತಿಕೊಂಡು ಕೋಡುಬಳೆ ಡಬ್ಬಿ ತೆಗೆದರು. ತಲೆ ಎತ್ತಲೇಬಾರದೆಂಬ ಪಾಠ ಪಾಲಿಸುತ್ತಿದ್ದ ನನ್ನವರಿಗೆ ಇದು ತಿಳಿಯಲೇ ಇಲ್ಲ. ಪಕ್ಕದಲ್ಲಿ ಶಿವಣ್ಣನೂ ಈಜುತ್ತಿದ್ದಾರೆ ಎಂದೇ ಅವರು ಅಂದುಕೊಂಡಿದ್ದರು.

ಗೋಡೆಯ ಬಾಯಿ

ಮೊದಲು ನನಗೆ ಸಂತೋಷವೇ ಆಯಿತು. ಎಷ್ಟು ಚೆನ್ನಾಗಿ ಈಜುತ್ತಿದ್ದಾರೆ, ಎಷ್ಟು ಬೇಗ ಹೋಗುತ್ತಿದ್ದಾರೆ ಎಂದು. ಕ್ಯಾಮೆರಾ ತೆಗೆದು ಒಂದು ಚಿತ್ರವನ್ನೂ ಹಿಡಿದೆ. ಕಣ್ಣು ಕ್ಯಾಮೆರಾದಿಂದ ತೆಗೆದು ನೋಡಿದಾಗ ಅವರು ಕೈ ಆಡಿಸುತ್ತಿರಲಿಲ್ಲ. ಕಾಲೂ ಆಡಿಸುತ್ತಿರಲಿಲ್ಲ. ಸುಮ್ಮನೆ ತೇಲುತ್ತ ಮೀನು ನೋಡುತ್ತಿದ್ದರು. ಆದರೂ ಬೇಗ ಹೋಗುತ್ತಿದ್ದರು. ದೋಣಿಯ ಆ ಕಡೆಗೆ. ಬಿಳಿ ಗೆರೆಯ ಕಡೆಗೆ.

"ರೀ!" ಎಂದೆ.

ನನ್ನ ಹಿಂದಿನಿಂದ ಶಿವಣ್ಣ ಕೋಡುಬಳೆ ತುಂಬಿದ ಬಾಯಲ್ಲಿ "ಹೇಳಿ ಮೇಡಮ್" ಎಂದರು.

"ರೀ! ರೀ! ಬನ್ರೀ ಈ ಕಡೆ!"

ಕಿತ್ತಳೆ ಕೊಳವೆ ಅಲುಗಲಿಲ್ಲ. ನಾನು ಎದ್ದು ನಿಂತು ಕೈ ಬೀಸಿ ಕೂಗತೊಡಗಿದೆ. ಪದ್ಮಾಗೆ ಅರ್ಥವಾಗಿ ಅವರೂ ಎದ್ದು "ರೀ! ರೀ!" ಎಂದರು. ಮೋಟಾರಿನ ಹತ್ತಿರ ಬಗ್ಗಿ ಏನನ್ನೋ ಒರೆಸುತ್ತಿದ್ದ ಅಪ್ಪಾದು ತಲೆಯೆತ್ತಿ, ಇಬ್ಬರು ಹೆಂಗಸರು ಸಮುದ್ರದ ಕಡೆ ಕೈತೋರಿಸಿ ಕುಣಿಯುವುದನ್ನು ಕಂಡು, ಮುಖ ಅರಳಿಸಿ ಹೇಳಿದ: "ಯೆಸ್ ಮದಾಮ್! ರೀಫ್! ವೆರಿ ಬ್ಯೂಟಿಫುಲ್ ರೀಫ್!"

ಇದನ್ನು ಈಗ ಹೇಳುವಾಗ ಕೇಳಿದವರೆಲ್ಲ ನಗುತ್ತಾರೆ. ನಾನೂ ನಗಿಸಲೆಂದೇ ಹೇಳುತ್ತೇನೆ. ಆದರೆ ಆ ನಗುಮುಖ ನನ್ನ ಕಣ್ಣ ಮುಂದಿರುವಾಗ ಕೊಳವೆ ಇನ್ನೂ ಎರಡು ಮಾರು ದೂರ ಹೋಯಿತು. ಪಾಠ ಮಾಡುತ್ತಿರುವಾಗ, ಕರಿಹಲಗೆಯ ಮೇಲೆ ಎಲೆಯ ಚಿತ್ರ ಬರೆಯುತ್ತಿರುವಾಗ, ಆ ಎರಡು ಮಾರು ಮತ್ತೆ ಮತ್ತೆ ಬರುತ್ತದೆ. ಅಷ್ಟು ಹೊತ್ತು ಯಾಕೆ ಬರೀ ‘ರೀ’ ಎನ್ನುತ್ತಿದ್ದೆ? ಇಂಗ್ಲಿಷಿನಲ್ಲಿ ಮೂರು ಪದ ಹೇಳಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಎರಡು ಡಿಗ್ರಿ ಇದೆ ನನಗೆ. ಆದರೆ ಹನ್ನೆರಡು ವರ್ಷದಿಂದ ಅವರನ್ನು ಕರೆಯಲು ಬಾಯಿಗೆ ಗೊತ್ತಿದ್ದದ್ದು ಅದೊಂದೇ. ಬಾಯಿ ಅದನ್ನೇ ಕೂಗುತ್ತಿತ್ತು.

ಆಗ ವ್ಯಾನಿನ ಮಾತು ನೆನಪಾಯಿತು. ‘ರೀ’ ಅಂದ್ರೆ ಶಿವಣ್ಣ, ನಾನು ತಿರುಗೋದೇ ಇಲ್ಲ. ಅವರಿಗೆ ಕೇಳಿಸುತ್ತಿದೆ, ಪದ್ಮಾ ಗಂಡನನ್ನು ಕರೆಯುತ್ತಿದ್ದಾರೆ ಅಂದುಕೊಂಡಿದ್ದಾರೆ.

ಕರೆದರೆ ಆಯಸ್ಸು ಕಮ್ಮಿ. ಕರೆಯದಿದ್ದರೆ?

"ವಾಸೂ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು, ಹೊಟ್ಟೆಯ ಆಳದಿಂದ, ಇನ್ನೊಮ್ಮೆ ಕೂಗಿದೆ. "ವಾಸೂ... ವಾಸೂ..."

ಕೊಳವೆ ನಿಂತಿತು. ನೀರಿನಿಂದ ಒಂದು ತಲೆ ಮೇಲೆದ್ದಿತು.

ಅದೇ ಕ್ಷಣ ಅಪ್ಪಾದುವಿನ ನಗು ಮಾಯವಾಯಿತು. ಅವನಿಗೆ ‘ರೀ’ ತಿಳಿಯಲಿಲ್ಲ, ‘ವಾಸು’ ತಿಳಿಯಿತು. ಅವನ ಅಣ್ಣನ ಹೆಸರೂ ವಾಸು ಎಂದು ಆಮೇಲೆ ಹೇಳಿದ. ಒಬ್ಬ ಹೆಂಗಸು ಮನುಷ್ಯನ ಹೆಸರು ಹೀಗೆ ಕೂಗುತ್ತಿದ್ದಾಳೆ ಎಂದರೆ ಏನೆಂದು ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ. ತಿರುಗಿ ನೋಡಿದ. ಲಂಗರು ಎಳೆಯಲು ನಿಲ್ಲಲಿಲ್ಲ. ಚಾಕು ತೆಗೆದು ಹಗ್ಗ ಕತ್ತರಿಸಿ, ಮೋಟಾರಿನ ದಾರ ಎಳೆದ.

ತಲೆಯೆತ್ತಿದ ನನ್ನವರಿಗೆ ಆಗ ಕಂಡದ್ದು ದೂರದಲ್ಲಿ ಬೆರಳುದ್ದದ ದೋಣಿ, ಬೆನ್ನ ಹಿಂದೆ ನೊರೆಯ ಗೋಡೆ. ಯಾರಾದರೂ ಮಾಡುವುದನ್ನೇ ಅವರೂ ಮಾಡಿದರು. ದೋಣಿಯ ಕಡೆಗೆ, ಸೆಳೆತಕ್ಕೆ ಎದುರಾಗಿ, ಇದ್ದ ಬಲವೆಲ್ಲ ಹಾಕಿ ಕೈ ಹೊಡೆಯತೊಡಗಿದರು. ಎಷ್ಟು ಹೊಡೆದರೂ ಇದ್ದಲ್ಲೇ ಇದ್ದರು. ಆಮೇಲೆ ಇದ್ದಲ್ಲೂ ಇರಲಿಲ್ಲ. "ನೋ! ನೋ! ಸೈಡ್!" ಎಂದು ಅಪ್ಪಾದು ಕೂಗಿದ. ಅದು ಅವರಿಗೆ ತಲುಪಲಿಲ್ಲ. ಒಂದು ದನಿ ಮಾತ್ರ ತಲುಪುತ್ತದೆ ಎಂದು ನನಗೆ ಗೊತ್ತಾಗಿತ್ತು.

"ವಾಸು, ಎದುರು ಈಜ್ಬೇಡಿ! ಪಕ್ಕಕ್ಕೆ ಬನ್ನಿ! ಪಕ್ಕಕ್ಕೆ, ಎಡಗಡೆ!"

ಹೆಸರು ಬಾಯಿಗೆ ಬಂದಿತ್ತು, ಬಹುವಚನ ಮಾತ್ರ ಬಿಟ್ಟಿರಲಿಲ್ಲ. ಪದ್ಮಾ ಇದನ್ನು ಆಡಿಕೊಂಡು ಇವತ್ತಿಗೂ ಕಣ್ಣೀರು ಬರುವಷ್ಟು ನಗುತ್ತಾರೆ.

ಅವರು ಎಡಕ್ಕೆ ಹೊರಳಿದರು. ದೋಣಿ ಬಾಯಿಯ ಅಂಚಿನವರೆಗೆ ಹೋಯಿತು, ಅಲ್ಲಿಂದ ಮುಂದೆ ಅಲೆ ಅದನ್ನೂ ಎತ್ತಿ ಕುಕ್ಕುತ್ತಿತ್ತು. ಅಪ್ಪಾದು ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದ. ಮೊದಲ ಸಲ ಕ್ಯಾನು ಅವರಿಂದ ಆಚೆ ಹಾರಿ ನೊರೆಯಲ್ಲಿ ಬಿತ್ತು. ಎಳೆದುಕೊಂಡು ಮತ್ತೆ ಎಸೆದ. ನನ್ನವರು ಒಮ್ಮೆ ಮುಳುಗಿದರು. ಅದನ್ನು ನಾನು ನೋಡಿದೆ. ಕಿತ್ತಳೆ ಕೊಳವೆ ಬಾಯಿಂದ ಕಳಚಿ ಒಂಟಿಯಾಗಿ ತೇಲಿಹೋದದ್ದನ್ನೂ ನೋಡಿದೆ. "ವಾಸು" ಎಂದು ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಒಂದು ಕೈ ಮೇಲೆ ಬಂದು ಕ್ಯಾನನ್ನು ಅಪ್ಪಿಕೊಂಡಿತು.

ಹಗ್ಗವನ್ನು ಶಿವಣ್ಣ ಹಿಡಿದರು. ಟವೆಲ್ ಕಳಚಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ದೋಣಿಯ ಅಂಚಿಗೆ ಕಾಲು ಕೊಟ್ಟು, ಚಡ್ಡಿಯಲ್ಲಿ ನಿಂತು, "ಹೂಂ... ಹೂಂ..." ಎನ್ನುತ್ತ ಮಾರು ಮಾರು ಎಳೆದರು. ಅಪ್ಪಾದು ಸಹಾಯಕ್ಕೆ ಕೈಚಾಚಿದರೆ, "ನೀನು ದೋಣಿ ನೋಡ್ಕೋ ಗುರು!" ಎಂದು ಕನ್ನಡದಲ್ಲಿ ಗದರಿದರು. ಅವನಿಗೂ ಅರ್ಥವಾಯಿತು. ನನ್ನವರನ್ನು ಕಂಕುಳಿಗೆ ಕೈಹಾಕಿ ಎತ್ತಿ ದೋಣಿಯೊಳಗೆ ಹಾಕಿದ ಮೇಲೆ, ಏದುಸಿರು ಬಿಡುತ್ತ ಹೇಳಿದರು: "ಅಕ್ಕಿಪೇಟೇಲಿ ಮೂಟೆ ಹೊತ್ತ ಕೈ ಮೇಡಮ್ ಇದು. ಒಂದು ಮೂಟೇನೂ ಕೆಳಗೆ ಬಿಟ್ಟಿಲ್ಲ."

ನನ್ನವರು ಮಗುಚಿ ಮಲಗಿ ನೀರು ಕಾರಿದರು. ಎದ್ದು ಕೂತರು. ತುಟಿ ನೀಲಿಯಾಗಿತ್ತು, ಮೊಣಕೈ ಹವಳಕ್ಕೆ ತರಚಿ ರಕ್ತ ಬರುತ್ತಿತ್ತು. ಸುತ್ತ ನೋಡಿ ಮೊದಲು ಕೇಳಿದ್ದು, "ಯಾರು ಕರೆದಿದ್ದು?"

"ನಾನೇ" ಎಂದೆ.

"ನೀನಾ?" ಅವರ ಹಲ್ಲು ಕಟಕಟ ಎನ್ನುತ್ತಿತ್ತು. "ಅಮ್ಮ ಅಂದ್ಕೊಂಡೆ. ಅಮ್ಮ ಇಲ್ಲಿಗೆ ಹೇಗೆ ಬಂದ್ಲು ಅಂತ ತಲೆ ಎತ್ತಿದೆ."

ಪದ್ಮಾ ಸೆರಗು ಬಾಯಿಗೆ ಹಿಡಿದು ಅಳುತ್ತಲೇ ನಕ್ಕರು. ಅಪ್ಪಾದು ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿ, ಬಹಳ ಮೆಲ್ಲಗೆ, "ಕೊರೆಕ್?" ಎಂದ. ಶಿವಣ್ಣ ಟವೆಲ್ ಹುಡುಕುತ್ತ, "ಕೊರೆಕ್" ಎಂದರು.

ಮರುದಿನ, ಸೊಂಟದ ಮಟ್ಟದ ನೀರಿನಲ್ಲಿ

ಮರುದಿನ ನಾನು ಕೋಣೆಯಿಂದ ಹೊರಗೆ ಬರುವುದಿಲ್ಲ ಎಂದೆ. ಸಮುದ್ರದ ಕಡೆಯ ಕಿಟಕಿಯ ಪರದೆ ಎಳೆದುಬಿಟ್ಟಿದ್ದೆ. ನನ್ನವರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹೀಗೇ ಊರಿಗೆ ಹೋದ್ರೆ ಇದು ಮುಳುಗಿದ ಪ್ರವಾಸ ಆಗುತ್ತೆ ನಳಿನಿ. ಸೊಂಟದವರೆಗೆ ಮಾತ್ರ. ಕೈ ಬಿಡಲ್ಲ. ತೇಲೋ ಅಂಗಿ ಇಬ್ರೂ ಹಾಕ್ಕೊಳ್ಳೋಣ. ನಾನು ಎರಡು ಹಾಕ್ಕೊಳ್ತೀನಿ."

ನಾನು ಹುಟ್ಟಿದಾಗಿನಿಂದ ಮುಖವನ್ನು ನೀರಿನೊಳಗೆ ಇಟ್ಟವಳಲ್ಲ. ಬಕೆಟ್ಟಿನಿಂದ ಚೊಂಬಿನಲ್ಲಿ ಸುರಿದುಕೊಂಡದ್ದಷ್ಟೇ. ಅತಿಥಿಗೃಹದ ಮುಂದಿನ ದಂಡೆಯಲ್ಲಿ, ಗಾಳಿಮರಗಳ ಕೆಳಗೆ ಅಲ್ಲಿಯವರು ಮನೆಮಂದಿಯೆಲ್ಲ ಪಾತ್ರೆ ಪಡಗ ತಂದು ಅಡುಗೆ ಮಾಡಿ ತಿನ್ನುವ ಜಾಗದಲ್ಲಿ, ಚೂಡಿದಾರದ ಮೇಲೆ ತೇಲುವ ಅಂಗಿ ಬಿಗಿದು ಇಳಿದೆ. ಅವರು ನನ್ನ ಎಡಗೈಯನ್ನು ಹಿಡಿದಿದ್ದರು. ಮದುವೆಯ ದಿನವೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ. ಶಿವಣ್ಣ ದಂಡೆಯ ಮೇಲೆ ಹಗ್ಗವೊಂದನ್ನು ಕೈಯಲ್ಲಿ ಸುತ್ತಿಕೊಂಡು ಕೂತಿದ್ದರು.

ಮೊದಲ ಸಲ ನೀರು ಕುಡಿದೆ. ಎರಡನೇ ಸಲ ಕಣ್ಣು ಮುಚ್ಚಿಕೊಂಡೇ ಇದ್ದೆ. ಮೂರನೇ ಸಲ ತೆರೆದೆ.

ಉಗುರಿನಷ್ಟು ಬಿಳಿ ಮೀನುಗಳು, ಸಾವಿರವೋ ಎಷ್ಟೋ, ಒಂದೇ ಮೈಯಾಗಿ ನನ್ನ ಪಾದದ ಕೆಳಗೆ ಮೆಲ್ಲಗೆ ಸಾಗುತ್ತಿದ್ದವು. ಮೋಡದ ಹಾಗೆ. ಕಾಲಿಗಿಂತ ಕೆಳಗೆ ಹೋಗುವ ಬಿಳಿ ಮೋಡ. ತಲೆಯೆತ್ತಿ, ಕೊಳವೆ ಉಗುಳಿ, "ವಾಸು, ನೋಡಿ! ಕೆಳಗೆ ನೋಡಿ!" ಎಂದು ಕಿರುಚಿದೆ. ಗಾಳಿಮರದ ಕೆಳಗೆ ಕೂತಿದ್ದ ಯಾರೂ ತಿರುಗಲಿಲ್ಲ. ಅವರೊಬ್ಬರೇ ತಿರುಗಿದರು, ಬಗ್ಗಿದರು, ಮೋಡ ಹೋಗುವ ಮೊದಲೇ ನೋಡಿದರು. ನಂದಿಬೆಟ್ಟದ ಬಾಕಿ ಅಲ್ಲಿಗೆ ತೀರಿತು.

ಮತ್ತೆ ಬಸವನಗುಡಿ

ಅತ್ತೆಗೆ ಹೇಳುವುದು ಬೇಡವೆಂದು ವಿಮಾನದಲ್ಲೇ ಮಾತಾಡಿಕೊಂಡೆವು. ಮೊಣಕೈ ಗಾಯಕ್ಕೆ "ಜಾರಿಬಿದ್ದೆ" ಎಂಬ ಕಾರಣ ಸಿದ್ಧವಾಯಿತು. ಅದು ಹತ್ತು ದಿನ ಬಾಳಿತು. ಹನ್ನೊಂದನೆಯ ದಿನ ಶಿವಣ್ಣ ದಂಪತಿ ನಮ್ಮ ಕ್ಯಾಮೆರಾದವನ್ನೂ ಸೇರಿಸಿ ಫೋಟೋ ಪ್ರಿಂಟು ಹಾಕಿಸಿಕೊಂಡು ಮನೆಗೆ ಬಂದರು. ಅತ್ತೆಗೆ ನಮಸ್ಕಾರ ಮಾಡಿ, ಕಾಫಿ ಲೋಟ ಹಿಡಿದು, ಶಿವಣ್ಣ ಶುರುಮಾಡಿಯೇಬಿಟ್ಟರು: "ಅಮ್ಮಾ, ನಿಮ್ಮ ಸೊಸೆ ಅವತ್ತು ಕೂಗ್ದೇ ಇದ್ದಿದ್ರೆ..."

ನಾನು ಕಣ್ಣು ಮಾಡಿದೆ. ಪದ್ಮಾ ಅವರ ತೊಡೆ ಚಿವುಟಿದರು. ಅವರು ನಿಲ್ಲಿಸಲಿಲ್ಲ. ಗೋಡೆಯ ಬಾಯಿ, ಹಗ್ಗ, ಕ್ಯಾನು, ಎಲ್ಲ ಹೇಳಿದರು. ಟವೆಲ್ ವಿಷಯ ಒಂದನ್ನು ಬಿಟ್ಟರು. ಮೇಡಮ್ ಹೇಗೆ "ವಾಸೂ" ಎಂದು ಕೂಗಿದರೆಂದು ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ತೋರಿಸಿದರು. ಪಕ್ಕದ ಮನೆಯವರು ಕಿಟಕಿಗೆ ಬಂದರು.

ಅತ್ತೆಯ ಕೈಯಲ್ಲಿದ್ದದ್ದು ನಾನು ಹಿಡಿದ ಚಿತ್ರ. ಬರೀ ನೀಲಿ, ಅದರ ಮೇಲೆ ಕಿತ್ತಳೆಯ ಒಂದು ಚುಕ್ಕೆ. ಅದರ ಮೇಲೆ ಹೆಬ್ಬೆರಳು ಇಟ್ಟರು. ಆಮೇಲೆ ನನ್ನನ್ನು ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

"ಎಷ್ಟು ಸಲ ಕರೆದೆ?"

"ಲೆಕ್ಕ ಇಡಲಿಲ್ಲಮ್ಮ. ತುಂಬ ಸಲ."

ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಎದ್ದರು. "ಅಷ್ಟೂ ವರ್ಷ ಕೂಡಿತು ಅಂದ್ಕೋ" ಎಂದು ಹೇಳಿ, ಶಿವಣ್ಣನವರ ಲೋಟಕ್ಕೆ ಇನ್ನೊಂದು ಸುತ್ತು ಕಾಫಿ ತರಲು ಒಳಗೆ ಹೋದರು.

ಸಂಜೆ ಅತಿಥಿಗಳು ಹೊರಟ ಮೇಲೆ ನನ್ನವರು ಗಾಂಧಿ ಬಜಾರಿಗೆ ಹೊರಟರು. ಚೀಲ ಮೇಜಿನ ಮೇಲೇ ಇತ್ತು. ಅಡುಗೆಮನೆಯಿಂದ ಅತ್ತೆ, "ಚೀಲ ಬಿಟ್ಟು ಹೋದ ನೋಡೇ, ಕೂಗು" ಎಂದರು. ನಾನು ಗೇಟಿಗೆ ಓಡಿದೆ. ಅವರು ಆಗಲೇ ನಾಲ್ಕು ಮನೆ ದಾಟಿದ್ದರು. ಅಭ್ಯಾಸ ಎಲ್ಲಿ ಹೋಗುತ್ತದೆ? "ರೀ!" ಎಂದೆ.

ಸ್ಕೂಟರ್ ಒರೆಸುತ್ತಿದ್ದವರು ತಿರುಗಿದರು. ಎದುರುಮನೆಯ ನಿವೃತ್ತ ಮೇಷ್ಟ್ರು ತಿರುಗಿದರು. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದವರು ಸೈಕಲ್ ನಿಲ್ಲಿಸಿದರು. ನನ್ನವರು ಮಾತ್ರ ಬೆನ್ನು ಮಾಡಿ ನಡೆಯುತ್ತಲೇ ಇದ್ದರು. ನಡಿಗೆ ಸ್ವಲ್ಪ ನಿಧಾನವಾಗಿತ್ತು. ಅವರ ಭುಜ ನಗುವಿಗೆ ಅಲುಗುವುದು ಗೇಟಿನವರೆಗೂ ಕಾಣುತ್ತಿತ್ತು.

ಒಳಗಿನಿಂದ ಅತ್ತೆಯ ದನಿ ಬಂತು. "ಹಾಗಲ್ವೇ. ಸರಿಯಾಗಿ ಕರಿ."

ನಾನು ಎರಡೂ ಕೈ ಬಾಯಿಗೆ ಹಿಡಿದೆ.